ಬಲಗಡೆಯ ಹೊಗೆಕೊಳವೆ

ನಾಲ್ಕನೇ ತಾರೀಖು ಸೋಮವಾರ, ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ದೂರು ಠಾಣೆಗೆ ಬಂತು. ತಂದವನು ಮಾಡೆಲ್ ಕಿಟ್ ತಯಾರಿಸುವ ಕಾರ್ಖಾನೆಯ ಮ್ಯಾನೇಜರು. ಇನ್‌ಸ್ಪೆಕ್ಟರ ಮೇಜಿನ ಮೇಲೆ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟ. ಎರಡರ ಮೇಲೂ ಒಂದೇ ಕೆಂಪು ಟ್ರಾಕ್ಟರಿನ ಚಿತ್ರ, ಒಂದೇ ಕಂಪನಿಯ ಹೆಸರು. ಒಳಗಿನ ಬಿಡಿ ತುಣುಕುಗಳನ್ನು ಅಂಟು ಹಾಕಿ ಕೂಡಿಸಿದರೆ ಅಂಗೈಯಗಲದ ಟ್ರಾಕ್ಟರು ಆಗುತ್ತದೆ, ಅಸಲಿಯ ಇಪ್ಪತ್ನಾಲ್ಕರಲ್ಲೊಂದು ಪಾಲು.

"ಇದು ನಮ್ದು, ಇದು ನಕಲಿ."

"ವ್ಯತ್ಯಾಸ?"

"ನಕಲಿ ಚೆನ್ನಾಗಿದೆ ಸಾರ್. ಅದೇ ತೊಂದ್ರೆ."

ಕೊಲೆ, ಸುಲಿಗೆಯ ಕಡತಗಳು ಕಪಾಟಿನಲ್ಲಿ ಕೂತಿರುವಾಗ ಆಟದ ಟ್ರಾಕ್ಟರಿನ ಹಿಂದೆ ಓಡಬೇಕಾಯಿತಲ್ಲ ಎಂದು ಇನ್‌ಸ್ಪೆಕ್ಟರು ಹಲ್ಲು ಕಡಿದರು. ಆದರೂ ಎಫ್‌ಐಆರ್ ಆಯಿತು. ಅಂದೇ ಮಧ್ಯಾಹ್ನ ಎರಡೂವರೆಗೆ, ಮ್ಯಾನೇಜರು ತೋರಿಸಿದ ಮೂಲೆಯಂಗಡಿಯಲ್ಲಿ ಪಂಚನಾಮೆ ನಡೆಸಿ ಮೂವತ್ತೊಂದು ಪೆಟ್ಟಿಗೆ ವಶಪಡಿಸಿಕೊಂಡು, ಬಾಗಿಲಿಗೆ ಅರಗು ಮುದ್ರೆ ಒತ್ತಿದರು. ಅಂಗಡಿ ಒಬ್ಬ ಅಜ್ಜಿಯದು.

"ತಂದ್ಕೊಡೋನು ಯಾರು?"

"ಸೈಕಲ್ಲಲ್ಲಿ ಬರ್ತಾನೆ."

"ಹೆಸರು?"

"ನಿಮ್ಮನೆಗೆ ತರಕಾರಿ ತರೋನ ಹೆಸ್ರು ನಿಮಗೆ ಗೊತ್ತಾ?"

"ಮುಖ ಹೇಗಿದೆ ಅಂತಾದ್ರೂ ಹೇಳಿ ಅಜ್ಜಿ."

"ಧೂಳಿಗೆ ಬಟ್ಟೆ ಕಟ್ಟಿರ್ತಾನಪ್ಪ. ಕೈ ನೋಡಿದೀನಿ. ಉಗುರು ಸಂದೀಲಿ ಬೂದಿ ಬಣ್ಣದ ಪುಡಿ."

ಮರುದಿನದಿಂದ ಅಜ್ಜಿ ಬುತ್ತಿ ಡಬ್ಬಿ ಹಿಡಿದುಕೊಂಡು ಠಾಣೆಯ ಬೆಂಚಿಗೇ ಬಂದು ಕೂರತೊಡಗಿದಳು. "ಅಂಗಡಿ ಮುಚ್ಚಿ ಮೂರು ವಾರ ಆದ್ರೆ ನಾಲ್ಕನೇ ವಾರ ಗಿರಾಕಿ ದಾರಿ ಮರೀತಾನೆ. ಆಮೇಲೆ ನೀವು ಬೀಗ ತೆಗೆದ್ರೆಷ್ಟು, ಬಿಟ್ರೆಷ್ಟು?" ತಂದುಕೊಟ್ಟವನು ಸಿಗುವವರೆಗೆ ಮುದ್ರೆ ಒಡೆಯುವಂತಿಲ್ಲ ಎಂದು ದಿನಕ್ಕೆರಡು ಸಲ ಹೇಳಿ ಹೇಳಿ ಇನ್‌ಸ್ಪೆಕ್ಟರ ನಾಲಿಗೆ ಸವೆಯಿತು.

ಇಂಥ ಕಿಟ್ ಕೂಡಿಸುವ ಹವ್ಯಾಸದವರನ್ನು ವಿಚಾರಿಸಿ ಬರಲು ಆಮೆ ಎಂದು ಠಾಣೆಯಲ್ಲೆಲ್ಲ ಕರೆಯುವ ಪೇದೆಯನ್ನು ಮಫ್ತಿಯಲ್ಲಿ ಕಳಿಸಿದರು. ಅವನು ಮೂರು ದಿನ ಅಲೆದು ಬಂದ.

"ಏನಂದ್ರೋ?"

"ಒಳ್ಳೆ ಕಿಟ್ ಎಲ್ಲಿ ಸಿಗುತ್ತೆ ಅಂದೆ ಸಾರ್. ಹಲ್ಲಿನ ಡಾಕ್ಟ್ರು, ಹೇಳಿಬಿಟ್ರೆ ನಮಗೆಲ್ಲಿ ಉಳಿಯುತ್ತೆ ಅಂದ್ರು. ಟೈಲರು, ದೊಡ್ಡಂಗಡಿಗೆ ಹೋಗು, ಅಲ್ಲಿ ಅಸಲಿ ಸಿಗುತ್ತೆ, ಚಕ್ರ ಕೂರಲ್ಲ, ಬಾನೆಟ್ ಮುಚ್ಚಲ್ಲ, ಆದ್ರೆ ಬಿಲ್ ಚೆನ್ನಾಗಿ ಕೊಡ್ತಾರೆ ಅಂದ. ರಿಟೈರ್ಡ್ ಮೇಷ್ಟ್ರು ಬಾಗಿಲೇ ಹಾಕ್ಕೊಂಡ್ರು."

"ಮೂರು ದಿನಕ್ಕೆ ಇಷ್ಟೇನಾ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮೋಸಹೋದವರು ಒಬ್ಬರಾದರೂ ಬಾಯಿ ಬಿಟ್ಟರೆ ತಾನೇ? ಇಲ್ಲಿ ಮೋಸಹೋದವರೆಲ್ಲ ತೃಪ್ತರು. ಹನ್ನೊಂದನೇ ತಾರೀಖು ಮೇಲಧಿಕಾರಿಯ ಫೋನು ಬಂತು. "ಒಂದು ಆಟದ ಸಾಮಾನು ಹುಡುಕೋಕೆ ಎಷ್ಟು ದಿನ ಬೇಕ್ರೀ?" ಇನ್‌ಸ್ಪೆಕ್ಟರು ಫೋನ್ ಇಟ್ಟ ರಭಸಕ್ಕೆ ಮೇಜಿನ ಮೇಲಿನ ಪೆನ್ನು ಉರುಳಿ ಬಿತ್ತು.

ಎತ್ತಿಕೊಳ್ಳಲು ಬಗ್ಗಿದಾಗ ಪಕ್ಕದ ಕೋಣೆ ಕಂಡಿತು. ಆಮೆ ನಾಲಿಗೆ ಕಚ್ಚಿಕೊಂಡು ಟ್ರಾಕ್ಟರಿಗೆ ಅಂಟು ಹಚ್ಚುತ್ತಿದ್ದ.

"ಡ್ಯೂಟಿ ಟೈಮಲ್ಲಿ ಆಟವೇನೋ?"

"ಆಟ ಅಲ್ಲ ಸಾರ್, ಹೋಲಿಕೆ. ದೂರಿನ ಜತೆ ಕೊಟ್ಟ ಎರಡನ್ನೂ ಕೂಡಿಸ್ತಿದೀನಿ. ಮ್ಯಾನೇಜರನ್ನ ಕೇಳೇ ಮಾಡಿದ್ದು." ಅವನು ಎರಡನ್ನೂ ಮುಂದೆ ತಳ್ಳಿದ. "ಹೊಗೆ ಪೈಪು ನೋಡಿ. ಕಂಪನೀದು ಎಡಗಡೆ, ಕಳ್ಳಂದು ಬಲಗಡೆ. ಪಾಪ, ಕಳ್ಳ ತಪ್ಪು ಮಾಡ್ಬಿಟ್ಟಿದಾನೆ."

ಇನ್‌ಸ್ಪೆಕ್ಟರು ತಮ್ಮ ಬಲಗೈ ಬಿಚ್ಚಿದರು. ಅಂಗೈಯಲ್ಲಿ ಉದ್ದಕ್ಕೂ ಹಳೆಯ ಸುಟ್ಟ ಗಾಯದ ಗೆರೆ. ಚಿಕ್ಕಂದಿನಲ್ಲಿ ಸೋದರಮಾವನ ಹೊಲದಲ್ಲಿ ಉಳುತ್ತಿದ್ದದ್ದು ಇದೇ ಮಾದರಿಯ ಟ್ರಾಕ್ಟರು. ಬಲಗಡೆಯಿಂದ ಹತ್ತಲು ಹೋಗಿ, ಆಸರೆಗೆಂದು ಕಾದ ಹೊಗೆಕೊಳವೆಯನ್ನೇ ಹಿಡಿದಿದ್ದರು.

"ಕಳ್ಳ ಸರಿಯಾಗೇ ಮಾಡಿದಾನೆ ಕಣೋ. ತಪ್ಪು ಕಂಪನೀದು. ನಕಲು ಮಾಡೋನು ತಪ್ಪನ್ನೂ ನಕಲು ಮಾಡ್ತಾನೆ. ಇವನು ತಿದ್ದಿದಾನೆ. ಯಾಕೆ?"

ಮರುದಿನ, ಹನ್ನೆರಡನೇ ತಾರೀಖು ಬೆಳಗ್ಗೆ ಹನ್ನೊಂದು ಗಂಟೆಗೆ ಇಬ್ಬರೂ ಕಾರ್ಖಾನೆಗೆ ಹೋದರು. "ಪೈಪಾ? ಅದನ್ಯಾರು ನೋಡ್ತಾರೆ ಸಾರ್!" ಎಂದು ಮ್ಯಾನೇಜರು ನಕ್ಕ. ಕಡತದ ಕೋಣೆಯ ಗುಮಾಸ್ತೆ ಮಾತ್ರ ನಗಲಿಲ್ಲ. ಏಣಿ ಹತ್ತಿ, ಧೂಳು ಕೊಡವಿ, ಒಂದು ಕಟ್ಟು ಇಳಿಸಿದಳು. ಹನ್ನೆರಡು ವರ್ಷ ಹಿಂದಿನ ಮೂರು ಪತ್ರಗಳು. ಮೂರರಲ್ಲೂ ಒಂದೇ ಮಾತು: ನಕ್ಷೆ ತಿರುವುಮುರುವಾಗಿದೆ, ಕೊಳವೆ ಬಲಕ್ಕಿರಬೇಕು, ಅಚ್ಚನ್ನು ಮತ್ತೆ ಕೆತ್ತಲು ಅಪ್ಪಣೆ ಕೊಡಿ. ಮೂರರ ಅಂಚಿನಲ್ಲೂ ಕೆಂಪು ಶಾಯಿಯ ಒಂದೇ ಉತ್ತರ: ಕಡತದಲ್ಲಿಡಿ.

"ಬರೆದೋರು ಯಾರಮ್ಮ?"

"ಅಚ್ಚು ಕೆತ್ತೋರು. ಆ ವಿಭಾಗ ಮುಚ್ಚಿದಾಗ ಮನೆಗೆ ಕಳಿಸಿದ್ರು. ಊರ ಹೊರಗೆ, ಹಳೇ ದನದ ಕೊಟ್ಟಿಗೆ ಇರೋ ಮನೆ."

ಮಧ್ಯಾಹ್ನ ಮೂರು ನಲವತ್ತಕ್ಕೆ ಪಂಚರೊಂದಿಗೆ ಅಲ್ಲಿಗೆ ತಲುಪಿದಾಗ ಗೋಡೆಗೆ ಸೈಕಲ್ ಒರಗಿತ್ತು. ಕೊಟ್ಟಿಗೆಯ ಗೊಂತಿನಲ್ಲಿ ಹುಲ್ಲಿರಬೇಕಾದ ಕಡೆ ಅಚ್ಚುಗಳು ಸಾಲಾಗಿ ಕೂತಿದ್ದವು. ಅರವತ್ತು ದಾಟಿದ ಮನುಷ್ಯ ತಲೆ ಎತ್ತಿ ಸಮವಸ್ತ್ರ ನೋಡಿದ, ಓಡಲಿಲ್ಲ.

"ಹನ್ನೆರಡು ನಿಮಿಷ ಕೊಡಿ ಸಾರ್. ಈಗಷ್ಟೇ ಅಚ್ಚಿಗೆ ಹೊಯ್ದಿದೀನಿ. ನಡುವೆ ಎತ್ತಿದ್ರೆ ಚಕ್ರ ಸೊಟ್ಟಗಾಗುತ್ತೆ."

ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. ಆಮೆ ಪಂಚನಾಮೆಯ ಕಾಗದ ತೆಗೆದ. ಎಲ್ಲರೂ ಹನ್ನೆರಡು ನಿಮಿಷ ಕಾದರು. ಕೊನೆಗೆ ಅವನು ಚಕ್ರ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಮುದ್ದೆಮಾಲಿನ ಚೀಲಕ್ಕೆ ತಾನೇ ಹಾಕಿದ. ಮೂರು ಐವತ್ತೆಂಟಕ್ಕೆ ದಸ್ತಗಿರಿಯಾಯಿತು.

ಠಾಣೆಯಲ್ಲಿ ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲ.

"ಪೈಪನ್ನ ಎಡಕ್ಕೇ ಬಿಟ್ಟಿದ್ರೆ ನಮ್ಮಪ್ಪನಾಣೆ ನಾವು ನಿನ್ನ ಹಿಡೀತಿರ್ಲಿಲ್ಲ."

"ಗೊತ್ತಿದ್ದೂ ಎಡಕ್ಕೇ ಬಿಡೋದಾದ್ರೆ ಇಷ್ಟೆಲ್ಲ ಯಾಕೆ ಮಾಡ್ಬೇಕಿತ್ತು ಸಾರ್?"

"ನಿನ್ನ ಹೆಸರಲ್ಲೇ ಮಾರ್ಬೇಕಿತ್ತು. ಅವರ ಹೆಸ್ರು ಯಾಕೆ ಹಾಕ್ದೆ?"

ಅವನು ಉಗುರಿನ ಬೂದು ಪುಡಿ ಕೆರೆಯುತ್ತ ಕೂತ. "ಆ ಎಡಗಡೆ ಪೈಪು ಕೆತ್ತಿದ್ದು ಈ ಕೈ. ಸಾವಿರಾರು ಮನೆ ಶೋಕೇಸಲ್ಲಿ ನನ್ನ ತಪ್ಪು ಕೂತಿದೆ. ಯಾವ ಹೆಸರಲ್ಲಿ ಹೊರಗೆ ಹೋಯ್ತೋ ಅದೇ ಹೆಸರಲ್ಲಿ ಸರಿಹೋಗ್ಬೇಕು. ಇಲ್ದಿದ್ರೆ ಸರಿಹೋದ ಹಾಗಲ್ಲ."

ಉದ್ದೇಶದ ಕಾಲಮ್ಮಿಗೆ ಬಂದಾಗ ಆಮೆ ಪೆನ್ನು ನಿಲ್ಲಿಸಿದ. "ದುರಾಸೆ ಅಂತ ಬರೀಲಾ ಸಾರ್? ಯಾವಾಗ್ಲೂ ಅದೇ ಬರೆಯೋದು."

"ಬೇಡ. ಅವನು ಹೇಳಿದ್ದನ್ನೇ ಬರಿ."

ಹದಿನಾರನೇ ತಾರೀಖು ಅಜ್ಜಿಯ ಅಂಗಡಿಯ ಮುದ್ರೆ ಒಡೆದರು. ಕಂಪನಿ ಕಳಿಸಿದ ಹೊಸ ಪೆಟ್ಟಿಗೆಗಳು ಆಗಲೇ ಬಾಗಿಲಲ್ಲಿ ಕಾದಿದ್ದವು. ಠಾಣೆಯ ಬೆಂಚಿನಲ್ಲೇ ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಒಂದನ್ನು ಬಿಚ್ಚಿ, ಕನ್ನಡಕ ಏರಿಸಿ, ತುಣುಕುಗಳನ್ನು ತಿರುವಿ ನೋಡಿದಳು.

"ಪೈಪು ಇನ್ನೂ ಎಡಗಡೇನೇ."

"ಅದನ್ನೇ ಮಾರಿ ಅಜ್ಜಿ. ಅಸಲಿ ಅದು."

"ಮಾರ್ತೀನಪ್ಪ. ಒಳ್ಳೇದು ಎಲ್ಲಿ ಸಿಗುತ್ತೆ ಅಂತ ಕೇಳಿದೋರಿಗೆ ಏನ್ ಹೇಳ್ಲಿ?"

ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡು ಜೀಪು ಹತ್ತಿದರು. ಮೂವತ್ತೊಂದು ಪೆಟ್ಟಿಗೆಗಳು ಠಾಣೆಯ ಮುದ್ದೆಮಾಲಿನ ಕೋಣೆಯಲ್ಲಿದ್ದವು. ತೀರ್ಪಾದ ಮೇಲೆ ನಾಶಪಡಿಸತಕ್ಕದ್ದು ಎಂಬ ಚೀಟಿಯನ್ನು ಅವುಗಳ ಮೇಲೆ ಅಂಟಿಸಿದ್ದು ಅವರೇ.