ಮೆಟ್ಟಿಲಿಗೆ ಹಚ್ಚಿದ ಬೆಳಕು

"ಮೇನ್ ಹಚ್ಚಬ್ಯಾಡ್ರೀ...!"

ಜಯಮಾಲಾಳ ಕೂಗಿಗೆ ಇಡೀ ಮನೆ ಬೆಚ್ಚಿತು. ನಿಚ್ಚಣಿಕೆಯ ತುದಿಯಲ್ಲಿ ನಿಂತಿದ್ದ ಅವಳ ಎರಡೂ ಕೈಯಲ್ಲಿ ಬಿಚ್ಚಿದ ವೈರು. ಕೆಳಗೆ, ಮೆಟ್ಟಿಲ ಸಂದಿಯ ಮಬ್ಬಿನಲ್ಲಿ, ಮೇನ್ ಸ್ವಿಚ್ಚಿನ ಮೇಲೆ ಒಬ್ಬ ಗಂಡಸಿನ ಕೈ!

ಕೈ ಅಲ್ಲೇ ನಿಂತಿತು.

ಅವಳು ದಡದಡ ಇಳಿದು ಬಂದಳು. "ಏನ್ರೀ, ಕಣ್ಣ ಕಾಣಂಗಿಲ್ಲೇನು? ಮುಟ್ಟಬ್ಯಾಡ್ರಿ ಅಂತ ಇಷ್ಟ ದೊಡ್ಡ ಚೀಟಿ ಅಂಟಿಸೇನಿ!"

ಅವನ ಮುಖ ಬಿಳಿಚಿಕೊಂಡಿತ್ತು. "ತಪ್ಪಾತ್ರಿ... ಎಲೆಕ್ಟ್ರಿಶಿಯನ್ ನಾಳೆ ಬರ್ತಾನ ಅಂತ ಅಂಗಡ್ಯಾಗ ಹೇಳಿದ್ರು."

"ಬರ್ತಾನ ಅಲ್ಲ, ಬರ್ತಾಳ. ನಾನೇ ಎಲೆಕ್ಟ್ರಿಶಿಯನ್. ಇವತ್ತ ಬಂದೇನಿ!"

ಅವನು ವಿನೀತ. ಸಿಂದಗಿಯ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ಮನೆಯಲ್ಲಿ ಅವನು, ತಾಯಿ ನಲಿನಿಬಾಯಿ, ಇಬ್ಬರೇ. ಜಯಮಾಲಾ ಮೋರಟಗಿಯ ರೈತನ ಮಗಳು. ಐಟಿಐ ಮುಗಿಸಿ ಸಿಂದಗಿಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ. ಫೋನಿನಿಂದ ನಡೆಯುವ, ತಾನೇ ಹತ್ತಿ ಆರುವ ದೀಪಗಳ ಕೆಲಸ ಬಂದರೆ ಅಂಗಡಿಯವರು ಅವಳನ್ನೇ ಕಳಿಸುತ್ತಿದ್ದರು.

"ಏನೇನ ಬೇಕ್ರಿ?" ಸಿಟ್ಟು ಇಳಿದ ಮೇಲೆ ಕೇಳಿದಳು.

"ಕಾಲಿಟ್ಟ ಕಡೆ ಬೆಳಕ ಬರಬೇಕ್ರಿ. ಮೆಟ್ಟಿಲಿಗೆ, ಬಚ್ಚಲಿಗೆ, ಗೇಟಿಗೆ..." ಅವನು ಒಂದು ಕ್ಷಣ ತಡೆದ. "ಅವ್ವಗ ವಯಸ್ಸಾಗ್ಯದ. ಅಕಿಗೆ ಮಬ್ಬಿನ್ಯಾಗ ಸರಿಯಾಗಿ ಕಾಣಂಗಿಲ್ಲ."

ತಾಯಿಯ ಮೇಲೆ ಎಷ್ಟು ಜೀವ! ಜಯಮಾಲಾಳ ಮನಸ್ಸು ಅಲ್ಲೇ ಸ್ವಲ್ಪ ಮೆತ್ತಗಾಯಿತು.

ಕೆಲಸ ನಾಲ್ಕು ದಿನ ನಡೆಯಿತು. ಪ್ರತಿ ಮೆಟ್ಟಿಲ ಅಂಚಿಗೂ ಸಣ್ಣ ಬೆಳಕಿನ ಪಟ್ಟಿ ಅಂಟಿಸಿದಳು. ಗೋಡೆಗೆ ನಡಿಗೆ ಗುರುತಿಸುವ ಸೆನ್ಸರ್ ಕೂಡಿಸಿದಳು. ಮಧ್ಯಾಹ್ನ ಕಾಲೇಜು ಮುಗಿಸಿ ಬಂದರೆ ವಿನೀತ ಅಲ್ಲೇ ಕುಳಿತು ಚಹಾ ಕುಡಿಯುತ್ತ ಅವಳ ಕೆಲಸ ನೋಡುತ್ತಿದ್ದ.

"ಹುಡಿಗಿ ವೈರ್ ಹಿಡೀತಾಳಂತ ಊರಾಗ ನಕ್ಕಿರಬೇಕಲ್ಲ?"

"ನಕ್ಕರ್ರಿ. ಈಗ ಅವ್ರ ಮನ್ಯಾಗ ಫ್ಯಾನ್ ಕೆಟ್ಟರ ನನಗ ಫೋನ್ ಮಾಡ್ತಾರ!"

ಅವನು ಮನಸಾರೆ ನಕ್ಕ. ಆ ನಗು ಅವಳ ಜೊತೆಗೇ ಮನೆಗೆ ಬಂತು. ಅಡುಗೆ ಮಾಡುವಾಗಲೂ ಇತ್ತು...

'ಏನಾಗೇತಿ ನನಗ? ಅವ್ರು ದೊಡ್ಡ ಮನಿ ಮಾಸ್ತರ. ನಾನು ಕೆಲಸಕ್ಕ ಬಂದಾಕಿ...'

ಮೂರನೆಯ ದಿನ ಸಂಜೆ. ಗೆಳತಿ ಅಬಿದಾಳ ಜೊತೆ ಬಸ್ ನಿಲ್ದಾಣದ ಬಳಿ ನಿಂತಿದ್ದಳು. ಕರೆಂಟು ಹೋಗಿತ್ತು, ಹೊತ್ತು ಮುಳುಗುತ್ತಿತ್ತು. ಎದುರಿಗೇ ವಿನೀತ ಬರುತ್ತಿದ್ದ!

ಅವಳ ಮುಖ ಅರಳಿತು. ನಗುತ್ತ ಕೈ ಎತ್ತಿದಳು.

ಅವನು ನೇರ ಅವಳ ಕಡೆಗೇ ನೋಡಿದ. ನಗಲಿಲ್ಲ. ನಿಲ್ಲಲಿಲ್ಲ. ಅವಳ ಚೀಲಕ್ಕೆ ಭುಜ ತಾಗಿಸಿಕೊಂಡು ಹೊರಟೇ ಹೋದ.

"ಇವ್ರೇನಲೇ ನಿಮ್ಮ ಸರ್?" ಅಬಿದಾ ಬೆರಗಾದಳು. "ಗುರ್ತಾ ಸುದ್ದಾ ಹಿಡಿಲಿಲ್ಲಲ್ಲ!"

ಎತ್ತಿದ ಕೈಯನ್ನು ಎಲ್ಲಿ ಇಡಬೇಕೋ ಜಯಮಾಲಾಳಿಗೆ ತಿಳಿಯಲಿಲ್ಲ.

'ಮನ್ಯಾಗ ಮಾತು, ನಗಿ... ಮಂದಿ ಮುಂದ ನಾನ್ಯಾರೋ!' ಮನೆಗೆ ಹೋಗುವ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡಳು.

ಮರುದಿನ ಅವನು ಕಾಲೇಜಿಗೆ ಹೋದ ಮೇಲೆಯೇ ಬಂದಳು. ಬೇಗ ಮುಗಿಸಿ ಹೋಗಿಬಿಡಬೇಕು, ಅಷ್ಟೇ.

"ಬರ್ರಿ ಅಮ್ಮಾರ," ನಲಿನಿಬಾಯಿಯನ್ನು ಕರೆದು ಫೋನ್ ತೋರಿಸಿದಳು. "ನಿಮ್ಮ ಕಣ್ಣಿಗೆ ಎಷ್ಟು ಬೆಳಕ ಬೇಕು ಹೇಳ್ರಿ. ಹಂಗ ಇಟ್ಟ ಕೊಡ್ತೇನಿ."

"ನನ್ನ ಕಣ್ಣಿಗೇನಾಗ್ಯದವಾ? ಇವತ್ತಿಗೂ ಸೂಜಿಗೆ ದಾರಾ ನಾನೇ ಪೋಣಸ್ತೀನಿ!"

ಜಯಮಾಲಾ ತಲೆ ಎತ್ತಿದಳು. "ಮತ್ತ... ಇದೆಲ್ಲಾ ಯಾರಿಗ್ರಿ?"

ನಲಿನಿಬಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ವಿನೀತಗ. ಸಂಜಿ ಆತಂದ್ರ ಅವನಿಗೆ ಎದುರಿಗೆ ನಿಂತವರ ಮಾರಿನೂ ಕಾಣಂಗಿಲ್ಲ. ಎರಡು ವರ್ಷಾತು. ಮುಂದ ಇನ್ನೂ ಕಮ್ಮಿ ಆಗಬಹುದಂತ ಡಾಕ್ಟರ್ ಹೇಳ್ಯಾರ. ಯಾರಿಗೂ ಹೇಳಬ್ಯಾಡಂತಾನ. ಲಗ್ನದ ಮಾತ ತಗದ್ರ ಎದ್ದ ಹೋಗ್ತಾನ..."

ಜಯಮಾಲಾ ಮೆಟ್ಟಿಲ ಮೇಲೆ ಕುಳಿತಳು. ಮಬ್ಬಿನಲ್ಲಿದ್ದ ಚೀಟಿ... ಬಸ್ ನಿಲ್ದಾಣ... 'ಕಣ್ಣ ಕಾಣಂಗಿಲ್ಲೇನು' ಅಂತ ನಾನೇ ಕೇಳಿದೆನಲ್ಲಾ!

ಅವಳು ಹೋಗಲಿಲ್ಲ. ಸೆನ್ಸರ್‌ಗಳನ್ನೆಲ್ಲ ಮತ್ತೆ ಬಿಚ್ಚಿದಳು.

ಅಂದು ಕಾಲೇಜಿನಲ್ಲಿ ತಡವಾಗಿ, ವಿನೀತ ಬಂದಾಗ ಸಂಜೆಯಾಗಿತ್ತು. ಗೇಟು ಸರಿಸಿದೊಡನೆ ಅಂಗಳದಲ್ಲಿ ಬೆಳಕು ಮೆಲ್ಲಗೆ, ಕಣ್ಣಿಗೆ ಹೊಡೆಯದಂತೆ ಏರಿತು. ಅವನು ಹೆಜ್ಜೆ ಇಡುವ ಮೊದಲೇ ಮುಂದಿನ ದೀಪ ಹತ್ತಿತು. ಮೆಟ್ಟಿಲ ಬಳಿ ಜಯಮಾಲಾ ನಿಂತಿದ್ದಳು.

"ಸುಳ್ಳ ಯಾಕ ಹೇಳಿದ್ರಿ ಸರ್?"

ಅವನು ನಿಂತುಬಿಟ್ಟ. "ಅವ್ವ ಹೇಳಿದಳೇನು?"

"ನೀವ ಹೇಳಬೇಕಿತ್ತು! ನಿಮ್ಮವ್ವನ ಕಣ್ಣಂತ ತಿಳಿದು ಎಲ್ಲಾ ತಪ್ಪ ಕೂಡಿಸಿದ್ದೆ. ಇವತ್ತ ನಿಮ್ಮ ನಡಿಗಿ ಲೆಕ್ಕಾ ಹಿಡಿದು ಮತ್ತ ಕೂಡಿಸೇನಿ. ನಿನ್ನೆ ಬಸ್ ಸ್ಟ್ಯಾಂಡಿನ್ಯಾಗ ಕೈ ಮಾಡಿದ್ದೆ. ನೀವು ಹಂಗೇ ಹೋದ್ರಿ. ಎಷ್ಟ ಅತ್ತೇನಿ ಗೊತ್ತೇನು?"

"ನೀವಿದ್ರೇನು ಅಲ್ಲಿ?" ಅವನ ಮುಖ ಬಾಡಿತು. "ಕಾಣಲಿಲ್ರಿ... ಖರೇನ ಕಾಣಲಿಲ್ಲ. ಯಾರ ಕನಿಕರಾನೂ ಬ್ಯಾಡಾಗಿತ್ತು ನನಗ. ನಿಮ್ಮದಂತೂ ಬ್ಯಾಡೇ ಬ್ಯಾಡಾಗಿತ್ತು."

"ನನ್ನದ ಯಾಕ?"

ಅವನು ಮೆಟ್ಟಿಲ ಅಂಚಿನ ಬೆಳಕಿನ ಕಡೆ ನೋಡಿದ.

"ನಿಮ್ಮ ಮ್ಯಾಲೆ ಮನಸಾಗ್ಯದ. ನಾಲ್ಕು ದಿನದ ಕೆಲಸಾ ನಲವತ್ತು ದಿನ ಆಗಲಿ ಅಂತ ಅನಸ್ತಿತ್ತು. ಆದ್ರ ಜಯಮಾಲಾ... ಮುಂದ ಪೂರ್ತಿ ಕಾಣದಂಗಾದ್ರ?"

ಅವಳು ಕಣ್ಣು ಒರೆಸಿಕೊಂಡು ನಕ್ಕಳು. "ಆಗ ಇದನ್ನೆಲ್ಲಾ ತಗದು, ಮಾತಾಡಿ ದಾರಿ ಹೇಳೂವಂಥಾದ್ದು ಕೂಡಸ್ತೇನಿ. ನನಗ ಕೆಲಸಾ ಬರ್ತೈತ್ರಿ. ಅಂಜೂದ ಬರಂಗಿಲ್ಲ."

"ಇದು ಕನಿಕರ ಅಲ್ಲಲ್ಲ?"

"ಕನಿಕರ ಇದ್ದಿದ್ರ ಇಷ್ಟ ಜಗಳಾ ಮಾಡ್ತಿದ್ನೇನು?"

ಒಳಗೆ ಅಡುಗೆಮನೆಯಲ್ಲಿ ನಲಿನಿಬಾಯಿಯ ಬಳೆಯ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಕೇಳಿಸಿಕೊಳ್ಳುತ್ತಿದ್ದರು!

ವಿನೀತ ಮೊದಲ ಸಲ ಅವಳ ಕೈ ಹಿಡಿದ. ಟೆಸ್ಟರ್ ಹಿಡಿದು ಹಿಡಿದು ಗಡುಸಾದ ಬೆರಳುಗಳು. ಬಿಡಲಿಲ್ಲ.

"ಐತವಾರ ಮೋರಟಗಿಗೆ ಬರ್ಲೇನು? ನಿಮ್ಮ ಅಪ್ಪಾರ ಕಡೆ?"

"ಜಲ್ದಿ ಒಪ್ಪಾಂವಲ್ರಿ ನಮ್ಮಪ್ಪ. ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಹತ್ತು ಪ್ರಶ್ನೆ ಕೇಳ್ತಾನ."

"ಎಲ್ಲಾದಕ್ಕೂ ಖರೇನ ಹೇಳ್ತೀನಿ. ಮೊದಲ ನನ್ನ ಕಣ್ಣಿನ ವಿಷಯ."

"ಆಮ್ಯಾಲೆ?"

"ಆಮ್ಯಾಲೆ ನಿನ್ನ ವಿಷಯ. ಹೊತ್ತ ಹಿಡೀತದ, ಮುಂಜಾನೆನೇ ಬರ್ತೀನಿ."

"ಬರ್ರಿ," ಎಂದಳು ಜಯಮಾಲಾ. "ದಾರಿ ಕಾಯ್ತೇನಿ."