ಜ್ವರ ಎದ್ದ ಮೇಲೆ

ರೇಷ್ಮೆ ಹುಳುಮನೆಯ ಬಾಗಿಲಲ್ಲಿದ್ದ ಅನಂತರಾಜು ಅವಳನ್ನು ಕಂಡವನೇ ಹಿಂದಕ್ಕೆ ಸರಿದ.

"ಅಲ್ಲೇ ನಿಂತ್ಕೊ ಧನು. ಒಳಿಕ್ ಬರ್ಬ್ಯಾಡ."

ಧನುಶ್ರೀ ಹೊಸ್ತಿಲಾಚೆಯೇ ನಿಂತಳು. ವಾರ್ಸಾದಿಂದ ಹೊರಟು, ವಿಮಾನ ಬದಲಿಸಿ, ಕನಕಪುರದಲ್ಲಿ ಬಸ್ಸು ಹಿಡಿದು, ನಿನ್ನೆ ಸಂಜೆಯಷ್ಟೇ ಸಾತನೂರಿನ ತನ್ನ ಮನೆ ತಲುಪಿದ್ದಳು. ಬೆಳಗಾದದ್ದೇ ತಲೆ ಬಾಚಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಇಲ್ಲಿಗೆ ಬಂದಿದ್ದಳು. ಅವನು ಕೋಪ ಮಾಡಿಕೊಳ್ಳಬಹುದು, ಮುಖ ತಿರುಗಿಸಬಹುದು ಅಂತೆಲ್ಲ ಯೋಚಿಸಿದ್ದಳು. ಹೊಸ್ತಿಲಲ್ಲೇ ನಿಲ್ಲಿಸುತ್ತಾನೆ ಅಂದುಕೊಂಡಿರಲಿಲ್ಲ.

ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಕೆನ್ನೆ ಇಳಿದದ್ದನ್ನು ನೋಡಿತು, ಕಣ್ಣಿನ ಕೆಳಗಿನ ಕಪ್ಪನ್ನು ನೋಡಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು. ಅವನು ಹೋಗಿಬಿಟ್ಟ.

ಅವಳಿಗೆ ಅಳಲೂ ಶಕ್ತಿ ಇರಲಿಲ್ಲ. ಬಂದ ದಾರಿಯಲ್ಲೇ ತಿರುಗಿದಳು.

ಡಿಗ್ರಿ ಓದುವಾಗ ಇಬ್ಬರೂ ಕನಕಪುರದ ಬಸ್ಸಿಗೆ ಒಟ್ಟಿಗೇ ಹತ್ತುತ್ತಿದ್ದರು. ಕಿಟಕಿಯೊಳಗೆ ಟವೆಲ್ ಎಸೆದು ಅವಳಿಗೊಂದು ಸೀಟು ಹಿಡಿದು, ತಾನು ಪಕ್ಕದಲ್ಲಿ ನಿಂತೇ ಬರುತ್ತಿದ್ದ. ಪ್ರೀತಿ ಅನ್ನುವ ಮಾತನ್ನು ಇಬ್ಬರೂ ಆಡಲಿಲ್ಲ. ಅವಳು ಎಂಎಸ್ಸಿ ಓದಲು ಪೋಲೆಂಡಿಗೆ ಹೊರಟಾಗ, "ಹೋಗ್ಬುಟ್ಟು ಬಾ, ನಾನೆಲ್ಲೂ ಹೋಗಲ್ಲ," ಅಂದಿದ್ದ. ಅದೊಂದು ಮಾತನ್ನೇ ಅವಳು ಉಪ್ಪಿನಕಾಯಿ ಡಬ್ಬದಷ್ಟು ಜೋಪಾನವಾಗಿ ಕೊಂಡುಹೋಗಿದ್ದಳು.

ವಾರ್ಸಾದ ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಕತ್ತಲು ಇಳಿಯುತ್ತಿತ್ತು. ಕ್ಲಾಸು ಮುಗಿಸಿ ಟ್ರಾಮ್ ಹತ್ತಿ ಹೋಟೆಲೊಂದರ ಅಡುಗೆಮನೆಗೆ ಓಡುವುದು, ಪ್ಲೇಟು ತೊಳೆಯುವುದು, ಮತ್ತೆ ರೂಮಿಗೆ ಬಂದು ಅನ್ನ ಬೇಯಿಸಿ, ಉಣ್ಣಲಾರದೆ ಮುಚ್ಚಿಟ್ಟು ಮಲಗುವುದು. ಚಳಿ ಹೋಗಿ ಮರಗಳೆಲ್ಲ ಚಿಗುರಿದರೂ ಅವಳ ಆಯಾಸ ಹೋಗಲಿಲ್ಲ. ಒಂದು ದಿನ ಅವನಿಗೆ ಮೆಸೇಜ್ ಮಾಡಿದಳು: ಸುಸ್ತಾಗಿದೆ, ಮಾತಾಡಕ್ಕೂ ಆಗ್ತಿಲ್ಲ. ಅವನು, ಮಲಕ್ಕೊ, ಅಂತ ಉತ್ತರ ಕಳಿಸಿದ. ಅಷ್ಟೇ. ಆಮೇಲೆ ಬೇಸಿಗೆಯಿಡೀ ಅವನಿಂದ ಒಂದು ಫೋನೂ ಇಲ್ಲ.

ಇನ್ನು ವಾಪಸ್ ಹೋಗುವುದಿಲ್ಲ ಅಂತ ತೀರ್ಮಾನಿಸಿಕೊಂಡೇ ಅವಳು ರಜೆಗೆ ಬಂದಿದ್ದಳು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ. ಮೊದಲು ಅವನಿಗೆ ಹೇಳಬೇಕಿತ್ತು.

ಬದುವಿನ ಮೇಲೆ ಅವನ ತಾಯಿ ಮುನಿರತ್ನಮ್ಮ ಸೊಪ್ಪಿನ ಹೊರೆ ಹೊತ್ತು ಎದುರಾದರು. ಹೊರೆ ಇಳಿಸಿ, ಹುಡುಗಿಯ ಗಲ್ಲ ಹಿಡಿಯಲು ಕೈ ಚಾಚಿದವರು ಮೂಗರಳಿಸಿ ನಕ್ಕುಬಿಟ್ಟರು.

"ಸೆಂಟು ಪೂಸ್ಕೊಂಡ್ ಹುಳುಮನೆತಕೆ ಹೋಗಿದ್ದೇನವ್ವಾ? ಇವತ್ತು ಹುಳ ಹಣ್ಣಾಗವೆ. ವಾಸ್ನೆ ತಾಕುದ್ರೆ ಗೂಡು ಕಟ್ತವಾ? ಇಲ್ಲೇ ಹುಟ್ದೋಳು, ಮರ್ತೇಬುಟ್ಟಾ?"

ಧನುಶ್ರೀ ಕೊರಳ ಬಳಿ ಕೈಯಿಟ್ಟುಕೊಂಡಳು. ವಿಮಾನ ನಿಲ್ದಾಣದಲ್ಲಿ ಕೊಂಡ ಸೆಂಟು. ಅವನಿಗಾಗಿಯೇ ಹಾಕಿಕೊಂಡದ್ದು. ಚಿಕ್ಕವಳಿದ್ದಾಗ ಮನೆಯಲ್ಲಿ ಹುಳು ಸಾಕುವಷ್ಟು ದಿನವೂ ಅಜ್ಜಿ ಊದುಬತ್ತಿ ಕೂಡ ಹಚ್ಚಲು ಬಿಡುತ್ತಿರಲಿಲ್ಲ. ಅದನ್ನು ಹೇಗೆ ಮರೆತೆ? ಅವನು ನಿಲ್ಲಿಸಿದ್ದಕ್ಕಿಂತ ತಾನು ಮರೆತದ್ದು ಹೆಚ್ಚು ನೋಯಿಸಿತು.

ಮನೆಗೆ ಹೋಗಿ ಸೋಪು ಮುಟ್ಟದೆ, ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ತಲೆಗೆ ಎರೆದುಕೊಂಡಳು. ಹಳೆಯ ಚೂಡಿದಾರ್ ಹಾಕಿಕೊಂಡು ಮತ್ತೆ ಹೋದಳು. ಹುಳುವಿಗೆ ರೋಗ ತಗುಲದಿರಲೆಂದು ಹೊಸ್ತಿಲಲ್ಲಿ ಹಾಕಿದ್ದ ಸುಣ್ಣದ ಪುಡಿ ತುಳಿದು ನಿಂತಳು. ಅನಂತರಾಜು ತಲೆಯೆತ್ತಿ ನೋಡಿದ. ಒದ್ದೆ ಕೂದಲು, ಹಳೆಯ ಬಟ್ಟೆ. ಅವನ ತುಟಿಯ ತುದಿ ತುಸು ಅಲುಗಿತು. ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಹಣ್ಣಾದ ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಆಡುತ್ತಿದ್ದವು. ಬೆಳಕಿಗೆ ಹಿಡಿದರೆ ಆಚೆ ಕಾಣುವಂತೆ ಹಳದಿ ಹೊಳಪು. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಆಳುಗಳೆಲ್ಲ ಆ ತುದಿಯಲ್ಲಿದ್ದರು. ಇವರಿಬ್ಬರೂ ಒಂದೇ ತಟ್ಟೆಯ ಎರಡು ಬದಿ ಕುಳಿತರು. ಬೆರಳಿಗೆ ಬೆರಳು ತಗುಲಿದಾಗ ಇಬ್ಬರೂ ಹುಳುವನ್ನೇ ನೋಡಿದರು.

ಅವಳ ಬೆರಳೆಲ್ಲ ಬಿರುಕು ಬಿಟ್ಟದ್ದನ್ನು ಕಂಡು, ಇದೇನು, ಓದಕ್ಕೆ ಹೋಗಿದ್ದಾ ಪಾತ್ರೆ ಉಜ್ಜಕ್ಕಾ ಅಂತ ಕೇಳಿದ. ಎರಡಕ್ಕೂ ಅಂದಳು. ಅವನು ಆ ಕೈಯನ್ನು ಮತ್ತೆ ಮತ್ತೆ ಕದ್ದು ನೋಡುತ್ತಿದ್ದ. ಅವಳಿಗೆ ಅದು ತಿಳಿಯುತ್ತಿತ್ತು. ಕೈ ಮುಚ್ಚಿಕೊಳ್ಳಲಿಲ್ಲ.

"ಯಾಕೆ ಒಂದು ಫೋನೂ ಮಾಡ್ನಿಲ್ಲ ನೀನು?"

ಅವನು ಹುಳು ಆರಿಸುತ್ತಲೇ ಹೇಳಿದ. "ಸುಸ್ತು, ಮಾತಾಡಕ್ಕಾಗಲ್ಲ ಅಂದೆ. ಜ್ವರಕ್ಕೆ ಕೂತಿದ್ದೀಯ ಅನ್ಕಂಡೆ."

ಧನುಶ್ರೀಗೆ ಅರ್ಥವಾಯಿತು. ಪೊರೆ ಕಳಚುವ ಮುಂಚೆ ಹುಳು ತಿನ್ನುವುದು ನಿಲ್ಲಿಸಿ, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದನ್ನೇ ಇಲ್ಲಿ ಜ್ವರ ಅನ್ನುವುದು. ಪೊರೆ ಬಿಟ್ಟು ಏಳುವವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲ, ಸೊಪ್ಪು ಹಾಕುವುದಿಲ್ಲ.

"ಎದ್ ಮ್ಯಾಲೆ ಅದೇ ಕೇಳ್ತದೆ ಅಂತ ಕಾಯ್ತಾ ಕುಂತೆ," ಅಂದ. "ದಿನಾ ಫೋನ್ ಕೈಗೆ ತಗಂಡು, ಮಡಗ್ಬುಡ್ತಿದ್ದೆ."

ನಗಬೇಕೋ ಅಳಬೇಕೋ ಅವಳಿಗೆ ತೋಚಲಿಲ್ಲ.

"ನಾನು ಹುಳ ಅಲ್ಲ ಕಣೋ ಅನಂತ. ನಂಗೆ ಸೊಪ್ಪು ಬೇಕಿತ್ತು."

ಅವನು ತಲೆ ತಗ್ಗಿಸಿದ. ಇನ್ನೊಂದು ಹುಳುವನ್ನು ಎತ್ತಿ ಚಂದ್ರಿಕೆಗೆ ಬಿಟ್ಟ. ಆಮೇಲೆ ಅವಳು ಎಲ್ಲ ಹೇಳಿದಳು. ಟ್ರಾಮು, ಕತ್ತಲು, ಮುಚ್ಚಿಟ್ಟ ಅನ್ನ. ಕೊನೆಗೆ, ಒಂದು ಸೆಮಿಸ್ಟರ್ ಬಾಕಿ ಇದ್ದರೂ ಹೋಗುವುದಿಲ್ಲ ಅನ್ನುವುದನ್ನೂ ಹೇಳಿದಳು. "ನೀನು ಇರು ಅಂದ್ರೆ ಇದ್ದುಬುಡ್ತೀನಿ."

ಅವನ ಕೈ ನಿಂತಿತು. ಎತ್ತಿದ್ದ ಹುಳುವನ್ನು ಮತ್ತೆ ತಟ್ಟೆಗೇ ಬಿಟ್ಟ.

"ಇರು ಅನ್ನಕ್ಕೆ ಆಸೆ ಐತೆ. ಈಗ್ಲೇ ಅನ್ನಲ್ಲ," ಅಂದ. "ನೀನಿನ್ನೂ ಜ್ವರದಾಗೇ ಇದ್ದೀಯ. ಮೊದ್ಲು ಉಣ್ಣು, ನಿದ್ದೆ ಮಾಡು. ಎದ್ ಮ್ಯಾಲೆ ನೀನೇ ಹೇಳು. ಇರ್ತೀನಿ ಅಂದ್ರೂ ಸರಿ, ಹೋಗ್ತೀನಿ ಅಂದ್ರೂ ಸರಿ, ನಾನು ಈ ಬಾಗಲಾಗೇ ಇರ್ತೀನಿ."

ಅವಳು ನಿದ್ದೆ ಮಾಡಿದಳು. ಹಗಲು ರಾತ್ರಿಯೆನ್ನದೆ, ಬಾಕಿಯಿದ್ದ ನಿದ್ದೆಯನ್ನೆಲ್ಲ ಮಾಡಿದಳು. ಎಚ್ಚರಾದಾಗಲೆಲ್ಲ ಮುನಿರತ್ನಮ್ಮ ಕಳಿಸಿದ ಬಸ್ಸಾರು, ಮುದ್ದೆ ಇರುತ್ತಿತ್ತು. ಮುದ್ದೆಯ ಹಿಂದೆ ಅವನಿರುತ್ತಿದ್ದ. ಅವಳು ಉಂಡು ಮುಗಿಸುವವರೆಗೆ ಜಗಲಿಯಲ್ಲಿ ಕೂತು ಅದೂ ಇದೂ ಹೇಳುತ್ತಿದ್ದ. ಹೀಗೆ ಉಣ್ಣುತ್ತಿದ್ದಾಗಲೇ ಒಂದು ಮಧ್ಯಾಹ್ನ ಅವಳಿಗೆ ಹೊಳೆಯಿತು: ಓದು ಬೇಡವಾಗಿರಲಿಲ್ಲ. ಒಬ್ಬಳೇ ಕೂತು ಉಣ್ಣುವುದು ಬೇಡವಾಗಿತ್ತು.

ಮುಗಿಸಿಕೊಂಡು ಬತ್ತೀನಿ ಅಂದಳು. ಅವನು ಸರಿ ಅಂದ. ಆ ಸಂಜೆ ಮುದ್ದೆಯ ಪಾತ್ರೆಯನ್ನು ಅಲ್ಲೇ ಮರೆತು ಹೋದ.

ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಟವೆಲ್ ಎಸೆದು ಸೀಟು ಹಿಡಿದುಕೊಟ್ಟ. ಕಿಟಕಿಯ ಕೆಳಗೆ ನಿಂತು, ಅವಳನ್ನಲ್ಲ, ಬಸ್ಸಿನ ಚಕ್ರವನ್ನು ನೋಡುತ್ತ ಅಂದ: "ನಿನ್ನ ಬುಟ್ಟು ಬೇರೆ ಯಾರೂ ಆ ಹೊಸ್ಲು ದಾಟಿ ಬರಲ್ಲ."

"ಹಂಗಂದ್ರೆ?"

"ಹಂಗಂದ್ರೆ ಮದ್ವೆ ಆಗಾನ ಅಂತ."

"ಚಕ್ರಕ್ಕೆ ಹೇಳ್ತಿದ್ದೀಯಾ, ನಂಗಾ?"

ಅವನು ತಲೆಯೆತ್ತಿದ. ಬಸ್ಸು ಹೊರಟಿತು. ಉತ್ತರವಾಗಿ ಅವಳು ಕೈ ಹೊರಗೆ ಚಾಚಿದಳು. ಸೊಪ್ಪಿನ ಹಸಿರು ಹತ್ತಿದ ಅವನ ಅಂಗೈ ಅವಳ ಬಿರಿದ ಬೆರಳುಗಳನ್ನು ಹಿಡಿದು ನಾಲ್ಕು ಹೆಜ್ಜೆ ಓಡಿತು.

ವಾರ್ಸಾದಲ್ಲಿ ಮತ್ತೆ ಮಧ್ಯಾಹ್ನಕ್ಕೇ ಕತ್ತಲಾಗತೊಡಗಿತು. ಪ್ಲೇಟುಗಳು ಅಷ್ಟೇ ಇದ್ದವು, ಆಯಾಸವೂ ಅಷ್ಟೇ ಇತ್ತು. ಒಂದು ದಿನ ಕೆಲಸಕ್ಕೆ ಹೊರಡುವ ಮುಂಚೆ, ರೂಮಿನಲ್ಲಿ ಅನ್ನ ಬೇಯಿಸಿಟ್ಟಿದ್ದಾಗ ಅವನ ಫೋನ್ ಬಂತು. ಉಂಡ್ಯಾ ಅಂದ. ಮಾತಾಡಕ್ಕಾಗಲ್ಲ ಕಣೋ, ಸುಸ್ತು ಅಂದಳು.

"ಮಾತಾಡ್ಬ್ಯಾಡ. ಅನ್ನ ಮುಂದ್ಕೆ ಮಡಿಕ್ಕೊ," ಅಂದ. "ಇಲ್ಲೂ ಈಗ್ಲೇ ಸೊಪ್ಪು ಹಾಕಿವ್ನಿ."

ಅವನು ಫೋನನ್ನು ಹುಳುವಿನ ತಟ್ಟೆಯ ಅಂಚಿಗೆ ಇಟ್ಟ. ಸೋನೆ ಮಳೆ ಹಿಡಿದಂತೆ, ಸಾವಿರ ಹುಳುಗಳು ಸೊಪ್ಪು ಮೇಯುವ ಸದ್ದು ಅವಳ ಪುಟ್ಟ ರೂಮನ್ನೆಲ್ಲ ತುಂಬಿತು. ಧನುಶ್ರೀ ತಟ್ಟೆ ಎಳೆದುಕೊಂಡು, ಆ ಪಂಕ್ತಿಯ ತುದಿಯಲ್ಲಿ ಕೂತು, ಮೊದಲ ತುತ್ತು ಕಲಸಿದಳು.