ಕಡಿಮೆ ಬರುತ್ತಿದ್ದ ಭಾರ

"ಅಕ್ಕಾ, ನನ್ನ ಕೆಲಸ ಹೋಯ್ತು!" ಎನ್ನುತ್ತ ತಂಗಿ ಕೋಣೆಗೆ ನುಗ್ಗಿದಾಗ ನಾನು ಕೈಲಿದ್ದ ನಕ್ಷೆ ಬಿಟ್ಟು ಎದ್ದೆ.

ಸೇತುವೆಗಳ ವಿನ್ಯಾಸ ಮಾಡುವ ಕಚೇರಿ ನಮ್ಮದು. ತಂಗಿ ಬರೆದ ಪ್ರೋಗ್ರಾಂ ಕಂಬದ ಮೇಲೆ ಬೀಳುವ ಭಾರವನ್ನೆಲ್ಲ ಕೂಡಿಸಿ ಹೇಳುತ್ತದೆ. ಹೊಸ ಕಂಪ್ಯೂಟರ್ ಬಂದ ಮೇಲೆ ಅದು ಓಡಿಸಿದಾಗಲೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಿತ್ತು. ಇವಳೇ ಕದ್ದು ಅಂಕಿ ತಿದ್ದುತ್ತಿದ್ದಾಳೆ ಎಂದು ಯಜಮಾನರು ಎಲ್ಲರೆದುರು ಕೂಗಾಡಿ, ಸಂಜೆಗೆ ಮನೆಗೆ ಹೊರಡು ಎಂದಿದ್ದರು.

ಕಾಣೆಯಾದ ಛತ್ರಿಯಿಂದ ಹಿಡಿದು ಎಲ್ಲವನ್ನೂ ಪತ್ತೆ ಹಚ್ಚಲು ನಮ್ಮಲ್ಲಿ ಇರುವವರು ಒಬ್ಬರೇ: ನನ್ನ ಪಕ್ಕದ ಮೇಜಿನ ಹಿರಿಯ ಇಂಜಿನಿಯರ್, ಎಲ್ಲರ ಬಾಯಲ್ಲಿ 'ಪತ್ತೆ ಮೇಡಂ'.

"ಅಳೋದು ಆಮೇಲೆ," ಎಂದರು ಮೇಡಂ. "ಉತ್ತರ ಯಾವತ್ತಾದ್ರೂ ಹೆಚ್ಚು ಬಂದಿದೆಯಾ?"

"ಇಲ್ಲ ಮೇಡಂ. ಯಾವಾಗ ನೋಡಿದ್ರೂ ಕಡಿಮೇನೇ."

"ಹಳೇ ಕಂಪ್ಯೂಟರಲ್ಲಿ?"

"ಸರಿಯಾಗೇ ಬರುತ್ತೆ, ಆದ್ರೆ ನಿಧಾನ. ಹೊಸದರಲ್ಲಿ ಬೇಗ ಓಡ್ಲಿ ಅಂತ ಯಜಮಾನರೇ ಕೂತು ಪ್ರೋಗ್ರಾಂಗೆ ವೇಗ ತುಂಬಿದ್ರು."

ಮೇಡಂ ಮುಖ ಅರಳಿತು. ನನಗೆ ಅರ್ಧ ಜೀವ ಬಂತು.

ಅವರು ಎಲ್ಲರನ್ನೂ ಹಲಗೆಯ ಮುಂದೆ ಸೇರಿಸಿ 'ಹತ್ತು' ಎಂದು ಬರೆದರು. "ಯಜಮಾನ್ರೇ, ನೀವು ಐದು ಕೂಡಿಸಿ. ನೀನು ಮೂರು ಕೂಡಿಸಮ್ಮ. ಇಬ್ರೂ ಈಗಲೇ ಹಲಗೆ ನೋಡ್ಕೊಳ್ಳಿ. ಹಳೇದನ್ನ ಅಳಿಸಿ ನಿಮ್ಮ ಮೊತ್ತ ಬರೀರಿ."

ಯಜಮಾನರು ಹದಿನೈದು ಬರೆದರು. ತಂಗಿ ಅದನ್ನು ಅಳಿಸಿ ಹದಿಮೂರು ಬರೆದಳು.

"ಹದಿನೆಂಟು ಆಗ್ಬೇಕಿತ್ತಲ್ಲ!" ಎಂದೆ.

"ಐದು ಮಾಯ. ಕದ್ದವರು ಯಾರೂ ಇಲ್ಲ. ಹೊಸ ಯಂತ್ರದಲ್ಲಿ ಎಂಟು ಕೋರ್, ಅಂದ್ರೆ ಒಟ್ಟಿಗೇ ಲೆಕ್ಕ ಮಾಡೋ ಎಂಟು ತಲೆ. ಮೊತ್ತ ಬರೆಯೋ ಜಾಗ ಮಾತ್ರ ಒಂದೇ. ಒಬ್ಬರದನ್ನ ಇನ್ನೊಬ್ಬರು ಅಳಿಸ್ತಾರೆ, ಯಾರದ್ದು ಅಳಿಸುತ್ತೆ ಅನ್ನೋದು ಪ್ರತಿ ಸಲ ಬೇರೆ. ಅದಕ್ಕೇ ಉತ್ತರ ಕಡಿಮೆ ಆಗುತ್ತೆ, ಹೆಚ್ಚಾಗಲ್ಲ. ಹಳೇದಕ್ಕೆ ಒಂದೇ ತಲೆ, ಜಗಳವೇ ಇಲ್ಲ."

"ಲೆಕ್ಕಾನ ಎಂಟು ತಲೆಗೆ ಹಂಚಿದ್ದು ಯಾರು ಹಾಗಾದ್ರೆ?" ಯಜಮಾನರ ದನಿ ತಗ್ಗಿತ್ತು.

"ನಾವು ಬರೆದದ್ದನ್ನ ಯಂತ್ರದ ಭಾಷೆಗೆ ತಿರುಗಿಸೋ ಕಂಪೈಲರ್. ಅದು ತಾನಾಗಿ ಇಂಥದ್ದನ್ನ ಕಣ್ಮುಚ್ಚಿ ಹಂಚಲ್ಲ, ಅನುಮಾನ ಬಂದ್ರೆ ಹಿಂದೇಟು ಹಾಕುತ್ತೆ. ಆದ್ರೆ 'ಹಂಚು, ನಾನಿದ್ದೀನಿ' ಅಂತ ಒಂದು ಸಾಲು ಬರೆದ್ರೆ ಮರುಮಾತಾಡಲ್ಲ. ವೇಗ ತುಂಬಿದವರು ನೀವೇ ಅಲ್ವಾ?"

ಯಜಮಾನರು ಬೆವರು ಒರೆಸಿಕೊಂಡರು. "ಹಂಚೋಕಾಗಲ್ಲ ಅಂತ ಹಟ ಹಿಡೀತು. ಸುಮ್ನೆ ಕೊಂಕು ತೆಗೀತಿದೆ ಅಂದ್ಕೊಂಡು ನಾನೇ ಆ ಸಾಲು ಸೇರಿಸಿದೆ. ಅಯ್ಯೋ, ಕಂಬ ಇನ್ನೂ ಎಬ್ಬಿಸಿಲ್ಲ ತಾನೇ?"

"ಇಲ್ಲ, ಬದುಕಿದ್ವಿ," ಎಂದರು ಮೇಡಂ. "ಒಂದೊಂದು ತಲೆಗೂ ಬೇರೆ ಹಲಗೆ, ಕೊನೇಲಿ ಎಲ್ಲಾ ಕೂಡಿಸು ಅಂತ ಅದೇ ಸಾಲಿಗೆ ಸೇರಿಸಿದ್ರೆ ಮುಗೀತು."

ತಂಗಿ ಸೇರಿಸಿದಳು. ಮತ್ತೆ ಮತ್ತೆ ಓಡಿಸಿದಳು. ಪ್ರತಿ ಸಲವೂ ಹಳೇ ಯಂತ್ರದ್ದೇ ಉತ್ತರ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಸದ್ಯ, ಗೆದ್ದೆವು ಎಂದು ನಾನು ಉಸಿರು ಬಿಟ್ಟೆ.

ಯಜಮಾನರು ಅವಳ ಕಿವಿಯ ಹತ್ತಿರ ಬಾಗಿ, "ತಪ್ಪಾಯ್ತಮ್ಮ," ಎಂದು ಗೊಣಗಿದರು.

"ಸಾರ್, ಬೈದಿದ್ದು ಇಡೀ ಕಚೇರಿಗೆ ಕೇಳಿಸಿತ್ತು," ಎಂದಳು ತಂಗಿ.

ಯಜಮಾನರು ಗಂಟಲು ಸರಿಮಾಡಿಕೊಂಡು, ಆಚೆ ಕೋಣೆಯವರೂ ಎದ್ದು ಬರುವಷ್ಟು ಗಟ್ಟಿಯಾಗಿ ಅದನ್ನೇ ಇನ್ನೊಮ್ಮೆ ಹೇಳಿದರು.